ಕಾಗದದಾಚೆಯ ಚುಕ್ಕಿ

ತಾತನ ಕೋಣೆಯ ಮೇಜಿನಿಂದ ಹಳೆಯ ಪತ್ರಿಕೆಗಳನ್ನು ಎತ್ತುತ್ತ ಅವಳು ತನ್ನೊಳಗೇ ಒಪ್ಪಿಕೊಂಡಳು: ನನಗೆ ಅಳುವೇ ಬರುತ್ತಿಲ್ಲ. ಬೆಳಿಗ್ಗೆ ತಾತನನ್ನು ಮಣ್ಣು ಮಾಡುವಾಗಲೂ ಶವಪೆಟ್ಟಿಗೆಯ ಅಂಚುಗಳನ್ನು ದೂರಕ್ಕೆ ಎಳೆದರೆ ಅವು ಎಲ್ಲಿ ಸೇರುತ್ತವೆ ಎಂದು ನೋಡುತ್ತಿದ್ದೆ. ಡೈರಿಯಲ್ಲಿ ಬರೆಯಲೂ ನಾಚಿಕೆ.

ಮಾತಾಡಿಸಲು ಬರುವವರಿಗೆ ಕಾಫಿ ಇಡಲು ಆ ಮೇಜು ಬೇಕಿತ್ತು. ಹೊರಗೆ ಸಾಗಿಸಲು ಬಂದ ಚಿಕ್ಕಪ್ಪ ಹಾಗೇ ನಿಂತ.

"ಅಕ್ಕಾ, ಬಾ ಇಲ್ಲಿ. ನೋಡು ಅಪ್ಪನ ಕೆಲಸ!"

ಮೇಜಿನ ಎರಡು ತುದಿಗೂ ಒಂದೊಂದು ಮೊಳೆ. ಒಂದೊಂದು ಮೊಳೆಗೂ ಉದ್ದನೆಯ ದಾರ. ನಡುವೆ ಅಂಟಿಸಿದ ಕಾಗದದಲ್ಲಿ ಪೆನ್ಸಿಲಿನಲ್ಲಿ ಬರೆದ ಒಂದು ಪೆಟ್ಟಿಗೆಯ ಚಿತ್ರ.

"ಅಯ್ಯೋ, ಅವರೇ ಮಾಡಿದ ಮೇಜು ಕಣೋ," ಎಂದಳು ಅತ್ತೆ.

"ಅದಕ್ಕೇ ಹೇಳ್ತಿರೋದು. ಒಂದು ಗೀರು ಬಿದ್ರೆ ಮನೆ ತಲೆ ಮೇಲೆ ಹೊತ್ಕೊಳ್ತಿದ್ದ ಮನುಷ್ಯ. ಕಪಾಟಲ್ಲಿ ನೋಡು, ಪುಸ್ತಕದ ತುಂಬ ಬರೀ ಪೆಟ್ಟಿಗೆ. ಕೊನೇಲಿ ಮರೆವು ಬಂದಿತ್ತು ಅಂತ ಹೇಳ್ಬಿಡೋಣ."

"ಜನ ಬರೋದ್ರೊಳಗೆ ಅದನ್ನ ಕಿತ್ತು ಹಾಕು ಮಾರಾಯ."

ಚಿಕ್ಕಪ್ಪ ಇಕ್ಕಳ ತರಲು ಹೋದ.

*

ತಾತ ಐವತ್ತು ವರ್ಷ ಯಂತ್ರ ಸಾಗಿಸುವ ಮರದ ಪೆಟ್ಟಿಗೆ ಮಾಡಿದವನು. ಎಪ್ಪತ್ತೆರಡನೇ ವಯಸ್ಸಿಗೆ, ಒಂದು ಪೆಟ್ಟಿಗೆಯ ಚಿತ್ರ ಬರೆಯಬೇಕೆಂಬ ಆಸೆ ಹುಟ್ಟಿತು.

"ಯಾರಿಗೂ ಹೇಳ್ಬೇಡ ಪುಟ್ಟಿ. ಪೆಟ್ಟಿಗೆಯವನಿಗೆ ಪೆಟ್ಟಿಗೆ ಬರೆಯೋಕೆ ಬರಲ್ಲ ಅಂದ್ರೆ ನಗ್ತಾರೆ."

ಮೊದಮೊದಲು ಹಿಂದಿನ ಅಂಚನ್ನೂ ಮುಂದಿನದರಷ್ಟೇ ಉದ್ದ ಎಳೆಯುತ್ತಿದ್ದ.

"ಹಿಂದಿಂದು ಚಿಕ್ಕದಾಗಬೇಕು ತಾತ."

"ಎರಡು ಹಲಗೇನೂ ನಾನೇ ಅಳೆದು ಕೊಯ್ದಿದ್ದು. ಒಂದು ಯಾಕೆ ಗಿಡ್ಡ ಆಗುತ್ತೆ?"

ದೂರ ಸರಿಯುವ ಗೆರೆಗಳು ಒಂದು ಚುಕ್ಕಿಯಲ್ಲಿ ಸೇರುತ್ತವೆ ಎಂದು ಅವಳು ಪುಸ್ತಕ ನೋಡಿ ಹೇಳಿಕೊಟ್ಟಳು. ಮೂಲೆ ಮುಂದಾಗಿ ಕೂತ ಪೆಟ್ಟಿಗೆಗೆ ಎಡಕ್ಕೊಂದು, ಬಲಕ್ಕೊಂದು ಚುಕ್ಕಿ. ಚುಕ್ಕಿಗಳನ್ನು ಹತ್ತಿರ ಇಟ್ಟರೆ ಪೆಟ್ಟಿಗೆ ಸೊಟ್ಟ. ದೂರ ಇಟ್ಟರೆ ಕಾಗದ ಸಾಲದು.

"ಕಾಗದದಿಂದ ಆಚೆ ಹೋದ ಚುಕ್ಕಿಗೆ ಗೆರೆ ಎಳೆಯೋದು ಹೇಗಮ್ಮ?"

ಅವಳಿಗೂ ತಿಳಿಯದು. "ಅಂದಾಜಿಗೆ ಎಳೀರಿ."

"ಅಂದಾಜಿಗೆ ಮಾಡಿದ ಪೆಟ್ಟಿಗೆಗೆ ಮುಚ್ಚಳ ಕೂರಲ್ಲ."

ಗೊತ್ತಿಲ್ಲ ಎನ್ನಲು ನಾಚಿ, ತಾತ ಹೋಗುವವರೆಗಿನ ಮೂರು ವಾರ ಅವಳು ಆ ಕೋಣೆಯ ಕಡೆ ಸುಳಿಯಲಿಲ್ಲ.

*

ಅವಳು ಎಡಗಡೆಯ ದಾರವನ್ನು ಕಾಗದದ ಮೇಲೆ ಬಿಗಿಯಾಗಿ ಎಳೆದಳು. ಅದು ಪೆಟ್ಟಿಗೆಯ ಮೇಲಂಚಿಗೆ ಸರಿಯಾಗಿ ಕೂತಿತು. ಕೆಳಕ್ಕೆ ಇಳಿಸಿದಳು. ಕೆಳಂಚಿಗೂ ಕೂತಿತು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕಾಗದದಾಚೆಯ ಚುಕ್ಕಿ ಈ ಮೊಳೆಯೇ.

ಇಕ್ಕಳ ಹಿಡಿದು ಚಿಕ್ಕಪ್ಪ ಬಂದ. "ಸರಿ ಆಚೆ."

ಅವಳು ಸರಿಯಲಿಲ್ಲ.

"ಏನಮ್ಮ, ಇವತ್ತೂ ಬಾಯಿಗೆ ಬೀಗಾನಾ?"

"ಮರೆವು ಅಂತ ಹೇಳ್ಬೇಡಿ ಚಿಕ್ಕಪ್ಪ. ತಾತ ಚಿತ್ರ ಕಲೀತಿದ್ರು. ನನ್ನ ಹತ್ರ."

ಅವನು ಮೇಜಿನ ಮೇಲೆ ಬಗ್ಗಿದ. ಬಲಗಡೆಯ ದಾರ ಹಿಡಿದು ತಾನೂ ಎಳೆದ. ಒಂದು ಅಂಚು, ಇನ್ನೊಂದು, ಮತ್ತೊಂದು. ಇಕ್ಕಳ ಯಾವಾಗಲೋ ಜೇಬಿಗೆ ಹೋಗಿತ್ತು.

"ಅಬ್ಬಾ! ಅಕ್ಕಾ, ನೋಡೇ ಇದನ್ನ." ಆಮೇಲೆ ಹುಡುಗಿಯ ಕಡೆ ತಿರುಗಿದ. "ಎಷ್ಟು ಚೆನ್ನಾಗಿ ಹೇಳಿಕೊಟ್ಟಿದ್ದೀಯ! ಈ ಮೊಳೆ, ದಾರ ಎಲ್ಲ ನಿನ್ನ ಉಪಾಯ ತಾನೆ?"

ಇಬ್ಬರೂ ಅವಳನ್ನೇ ನೋಡುತ್ತಿದ್ದರು. ದಾರ ಅವಳ ಬೆರಳಿಗೆ ಬಿಗಿದು ಅಚ್ಚೊತ್ತಿತ್ತು.

"ಇಲ್ಲ," ಎಂದಳು. "ಇದು ನನಗೆ ಬರ್ತಿರ್ಲಿಲ್ಲ."