ಏಕಾಹದಲ್ಲಿ ಕಪ್ಪು ನಾಲ್ಕು

ಬೊಬ್ಬರ್ಯಕೇರಿಯ ಹೆಂಗಸರ ಗಂಟಲು ವರ್ಷಕ್ಕೊಮ್ಮೆ ಹಾಳಾಗುತ್ತಿತ್ತು. ಹಾಳು ಮಾಡುವ ಕೆಲಸಕ್ಕೆ ಕೇರಿಯವರು ಭಕ್ತಿ ಎಂದು ಹೆಸರಿಟ್ಟಿದ್ದರು.

ತ್ರಾಸಿಯ ಹೆದ್ದಾರಿಯಿಂದ ಕಡಲ ಕಡೆ ಇಳಿದರೆ ಸಿಗುವ ಆ ಕೇರಿಯ ಭಜನಾ ಮಂದಿರದಲ್ಲಿ ವರ್ಷಕ್ಕೊಂದು ಏಕಾಹ. ಸೂರ್ಯ ಹುಟ್ಟುವಾಗ ದೀಪ ಹಚ್ಚಿ ಶುರು ಮಾಡಿದ ಭಜನೆ ಮಾರನೆಯ ದಿನ ಸೂರ್ಯ ಹುಟ್ಟುವವರೆಗೆ ಕಡಿಯದೆ ನಡೆಯಬೇಕು. ಒಂದು ತಂಡ ದೀಪಕ್ಕೆ ಸುತ್ತು ಬರುತ್ತ ಹಾಡುತ್ತಿರುವಾಗಲೇ ಇನ್ನೊಂದು ತಂಡ ಬಂದು ಅದೇ ಸಾಲನ್ನು ಬಾಯಿಗೆ ಎತ್ತಿಕೊಳ್ಳಬೇಕು, ಎತ್ತಿಕೊಂಡ ಹಾಡನ್ನು ಕೊನೆಯ ನುಡಿಯವರೆಗೆ ಹೇಳಿಯೇ ತಮ್ಮ ಹಾಡಿಗೆ ಹೋಗಬೇಕು. ನಡುವೆ ಮೌನ ಬಿದ್ದರೆ ಏಕಾಹ ಕೆಟ್ಟಿತು. ಕೆಟ್ಟ ವರ್ಷ ಕಡಲಲ್ಲಿ ಯಾರು ಸತ್ತರೂ ಪಾಪ ಕೆಡಿಸಿದವರ ತಲೆಗೆ.

ಶ್ರುತಿ ಪೆಟ್ಟಿಗೆಗೂ ಇದೇ ಕಾನೂನು. ಬೆಳಿಗ್ಗೆ ಅದನ್ನು ಕಪ್ಪು ಒಂದಕ್ಕೆ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಸ್ವರಕ್ಕೆ ಇಟ್ಟರೆ ಆಯಿತು, ಮತ್ತೆ ಯಾರೂ ಮುಟ್ಟುವಂತಿಲ್ಲ. ಕಪ್ಪು ಒಂದು ಗಂಡಸರ ಗಂಟಲಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿ. ಹೆಂಗಸರು ಅದರೊಳಗೆ ಹೊಕ್ಕರೆ ಮೇಲಕ್ಕೆ ಚೀರಾಟ, ಕೆಳಕ್ಕೆ ಗೊಣಗಾಟ. ಅವರಿಗೆ ಕೊಟ್ಟ ಹೊತ್ತೂ ಅಂಥದ್ದೇ: ಮಧ್ಯಾಹ್ನದ ಊಟವಾಗಿ ಗಂಡಸರು ಪಾಯಸ ಕರಗಿಸಲು ಜಗಲಿಯಲ್ಲಿ ಮೈಚಾಚುವ ಹೊತ್ತು. ಅರ್ಧ ತಾಸಿಗೆಲ್ಲ ಹೆಂಗಸರ ಸ್ವರ ಕುಸಿಯುತ್ತಿತ್ತು. ಮಲಗಿದಲ್ಲಿಂದಲೇ ಯಾರೋ ನಗುತ್ತಿದ್ದರು, "ಹೆಂಗ್ಸ್ರಿಗೆ ದಮ್ಮಿಲ್ಲೆ ಮರ್ರೆ."

ಹರಿಣಾಕ್ಷಿಗೆ ಈ ನಗು ಮೈಮೇಲೆ ಕೆಂಡ ಸುರಿದ ಹಾಗೆ ಆಗುತ್ತಿತ್ತು. ಅವಳು ಕುಂದಾಪುರದ ಮಾರ್ಕೆಟ್ಟಿನಲ್ಲಿ ಮೀನು ಮಾರುವವಳು. ನಾಲಗೆ ಮೀನು ಕೊಯ್ಯುವ ಕತ್ತಿಗಿಂತ ಹರಿತ ಎಂದು ಗಿರಾಕಿಗಳೇ ಹೇಳುತ್ತಿದ್ದರು, ಅದನ್ನವಳು ಹೊಗಳಿಕೆ ಎಂದೇ ತೆಗೆದುಕೊಳ್ಳುತ್ತಿದ್ದಳು. ಗಂಡ ಮುಂಬೈಯ ಹೋಟೆಲಿನಲ್ಲಿದ್ದಾಗ ಚಾಳಿನ ಹೆಂಗಸರ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ಕಲಿತಿದ್ದಳು. ಅಲ್ಲಿಯ ಹೆಂಗಸರು ಕೂತ ಕೂಡಲೇ ಪೆಟ್ಟಿಗೆಯನ್ನು ತಮ್ಮ ಗಂಟಲಿಗೆ ಹೊಂದುವ ಕಪ್ಪು ನಾಲ್ಕಕ್ಕೆ ತಿರುಗಿಸುತ್ತಿದ್ದರು, ಯಾರ ಅಪ್ಪಣೆಯನ್ನೂ ಕೇಳುತ್ತಿರಲಿಲ್ಲ. ಊರಿಗೆ ಬಂದ ಮೇಲೆ ಹೆಂಗಸರ ತಂಡಕ್ಕೆ ಪದ ಕಟ್ಟಿ, ರಾಗ ಕೂರಿಸಿ, ಹೇಳಿಕೊಡುವವಳು ಅವಳೇ. ಕಟ್ಟಿದ್ದೆಲ್ಲ ಏಕಾಹದ ದಿನ ಚೀರಾಟವಾಗುತ್ತಿತ್ತು.

ಹೋದ ವರ್ಷದ ಏಕಾಹ ಮುಗಿದ ಮೇಲೆ ಅವಳ ನಾದಿನಿ ವನಜಳ ಗಂಟಲು ಬಾತು ಸ್ವರವೇ ಹೊರಡಲಿಲ್ಲ. ಮೀನು ಮಾರುವವಳಿಗೆ ಕೂಗಲು ಆಗದಿದ್ದರೆ ಬುಟ್ಟಿ ಖಾಲಿಯಾಗುವುದು ಹೇಗೆ? ವನಜ ಬಂಗುಡೆಯ ಮುಂದೆ ಕೂತು ಕೈಸನ್ನೆ ಮಾಡಿದಳು. ಗಿರಾಕಿಗಳು ಪಕ್ಕದವಳ ಹತ್ತಿರ ಹೋದರು.

ಈ ವರ್ಷದ ತಯಾರಿಯ ಸಭೆಗೆ ಹರಿಣಾಕ್ಷಿ ಕರೆಯದೆಯೇ ಹೋದಳು. ಎರಡು ದೊಡ್ಡ ಬೋಟುಗಳ ಧಣಿ ಜಿತೇಂದ್ರ ಮಂದಿರದ ಅಧ್ಯಕ್ಷ, ಸಂಬಂಧದಲ್ಲಿ ಅವಳಿಗೆ ಮೈದುನ. ಅವನ ಪಕ್ಕದಲ್ಲಿ ಕೇರಿಗೆಲ್ಲ ಭಜನೆ ಕಲಿಸಿದ ಪ್ರೇಮಾನಂದ ಮಾಸ್ಟರು.

"ನಮ್ ಹೊತ್ತಿಗೆ ಪೆಟ್ಗಿ ಕಪ್ಪು ನಾಲ್ಕಕ್ಕೆ ಇಡ್ಕ್," ಎಂದಳು ನಿಂತಲ್ಲೇ.

"ಏಕಾಹದಾಗೆ ಶ್ರುತಿ ಬದ್ಲುಕಾಗ ಅತ್ಗೆ," ಎಂದ ಜಿತೇಂದ್ರ. "ಅಜ್ಜನ ಕಾಲ್ದಿಂದ ಬಂದದ್ ಇದ್."

"ನಿಮ್ಮಜ್ಜನ ಕಾಲ್ದಾಗೆ ಕರೆಂಟಿನ ಪೆಟ್ಗಿ ಇದ್ದಿತ್ತಾ ಅಧ್ಯಕ್ಷ್ರೆ?"

ಹಿಂದೆ ಕೂತವರು ನಕ್ಕರು. ಜಿತೇಂದ್ರನ ಮುಖ ಬಿಗಿಯಿತು. "ಏರ್ಸುಕಾತಿಲ್ಲೆ ಅಂದ್ರೆ ಬಾಯ್ ಮುಚ್ಕಂಡ್ ತಾಳ ಹಾಕಿ. ದೇವ್ರಿಗೆ ಮನ್ಸ್ ಮುಖ್ಯ, ಗಂಟ್ಲಲ್ಲ."

"ಹಾಂಗಾರೆ ನೀವೇ ನಮ್ ಶ್ರುತಿಯಾಗೆ ಹೇಳಿ ಕಾಂಬ. ಮನ್ಸ್ ಮುಖ್ಯ ಅಲ್ದಾ?"

ಪ್ರೇಮಾನಂದ ಮಾಸ್ಟರು ಕೈಯೆತ್ತಿದರು. ಅವರಿಗೆ ಜಗಳ ಬೇಡ, ನ್ಯಾಯವೂ ಬೇಡ, ಏಕಾಹ ನಡೆದರೆ ಸಾಕು. "ಹರಿಣಾಕ್ಷಿ, ಪೆಟ್ಗಿ ಮುಟ್ಟುದೊಂದ್ ಬ್ಯಾಡ. ಬಾಕಿ ನಿಮ್ಗೆ ಎಂತ ಬೇಕೋ ಹಾಡ್ಕಣಿ."

"ಎಂತ ಬೇಕಾರೂ?"

"ಎಂತ ಬೇಕಾರೂ."

ಮನೆಗೆ ಬಂದವಳು ಹಾರ್ಮೋನಿಯಂ ಎಳೆದುಕೊಂಡು ವನಜಳ ಅಡುಗೆಮನೆಯಲ್ಲಿ ಕೂತಳು. ಪೆಟ್ಟಿಗೆ ಮುಟ್ಟದೆ ಹಾಡಬೇಕು. ಪೆಟ್ಟಿಗೆ ಏನು ಗುಂಯ್‌ಗುಡುತ್ತದೆ? ಒಂದೇ ಸ್ವರವನ್ನಲ್ಲ. ಬುಡದಲ್ಲಿ ಗಂಡಸರ ಕಪ್ಪು ಒಂದು, ಅದರ ಜೊತೆಗೆ ಅದರ ಪಂಚಮ. ಆ ಪಂಚಮ ಬೀಳುವುದು ಕಪ್ಪು ನಾಲ್ಕರ ಮೇಲೆ! ಇಷ್ಟು ವರ್ಷ ಹೆಂಗಸರ ಸ್ವರ ಅದೇ ಪೆಟ್ಟಿಗೆಯೊಳಗೆ ಗಂಡಸರ ಸ್ವರಕ್ಕೆ ಊರುಗೋಲಾಗಿ ದುಡಿಯುತ್ತಿತ್ತು. ಅದನ್ನೇ ಬುಡ ಮಾಡಿಕೊಂಡು ಹಾಡಿದರೆ ಪೆಟ್ಟಿಗೆಗೆ ಬೆರಳು ತಾಗಿಸುವ ಅಗತ್ಯವೇ ಇಲ್ಲ.

ಹೇಳಿದಷ್ಟು ಸುಲಭವಾಗಲಿಲ್ಲ. ಗೊತ್ತಿದ್ದ ರಾಗಗಳನ್ನು ಅಲ್ಲಿ ಕೂರಿಸಿದರೆ ಬುಡದ ಗುಂಯ್‌ಗೆ ಢಿಕ್ಕಿ ಹೊಡೆದು, ಎರಡು ಬಸ್ಸುಗಳ ಹಾರನ್ ಒಟ್ಟಿಗೆ ಕೇಳಿದಂತಾಗುತ್ತಿತ್ತು. ಹೊಸ ಬುಡದಿಂದ ಎಣಿಸಿದರೆ ಗಂಡಸರ ಸ್ವರ ಮಧ್ಯಮವಾಗುತ್ತದೆ. ಹಾಗಾದರೆ ಪ್ರತಿ ಸಾಲೂ ಆ ಮಧ್ಯಮದ ಮೇಲೆ ಹೋಗಿ ಕೂರಬೇಕು. ಬೂತಾಯಿ ಮೀನಿನ ಹುರುಪೆ ತೆಗೆಯುತ್ತ ಸಾಲು ಗುನುಗಿದಳು, ಕೆಡವಿದಳು, ಬಸ್ಸಿನಲ್ಲಿ ಬುಟ್ಟಿ ಹಿಡಿದು ನಿಂತು ಮತ್ತೆ ಕಟ್ಟಿದಳು. ಗಂಡಸರು ಕೂತಲ್ಲಿಂದ ಸೊಲ್ಲು ಕೊಡುವ, ಅಂದರೆ ಸಾಲನ್ನು ತಿರುಗಿ ಹೇಳುವ ಜಾಗವನ್ನೇ ಹಾಡಿನಿಂದ ತೆಗೆದುಹಾಕಿದಳು. ಹೆಂಗಸರನ್ನು ಎರಡು ಪಾಲು ಮಾಡಿದಳು: ವಯಸ್ಸಾದವರು ಕೆಳಗಿನ ಸಾಲು, ಹುಡುಗಿಯರು ಮೇಲಿನ ಸಾಲು. ಒಂದು ಪಾಲು ಹಾಡುವಾಗ ಇನ್ನೊಂದು ಪಾಲಿಗೆ ಉಸಿರು.

ಬುಟ್ಟಿ ಇಳಿಸಿ ಬಂದೆನೊ ರಾಮ, ಬೆವರ ತೊಳೆಯದೆ ಬಂದೆ
ಮೀನ ನಾತದ ಕೈಯ ಮುಗಿವೆ, ಮೂಗು ಮುಚ್ಚದಿರು ತಂದೆ

ಕೇಳಿ ವನಜ ಬೆಚ್ಚಿದಳು. "ದೇವ್ರ್ ಪದ್ಯದಾಗೆ ಮೀನ್ ನಾತವಾ ಹೆಣೆ? ಜಿತೇಂದ್ರ ಸುಮ್ನಿರ್ತ್ನಾ?"

"ಮಂದಿರಕ್ಕೆ ಗ್ರಾನೈಟ್ ಹಾಕಿದ್ದ್ ಎಂತ ಮಾರಿ? ಮಲ್ಲಿಗಿ ಮಾರಿಯಾ? ಮೊದ್ಲ್ ಹಾಡ್ ಕಾಂಬ."

ವನಜ ಹಾಡಿದಳು. ಹಾಡಿ ಮುಗಿಸಿ ಗಂಟಲು ಮುಟ್ಟಿ ನೋಡಿಕೊಂಡಳು. ನೋವಿರಲಿಲ್ಲ.

ಏಕಾಹದ ದಿನ ಹೆಂಗಸರು ತಮ್ಮ ಹೊತ್ತಿಗೆ ಬಂದು ಗಂಡಸರ ಸಾಲನ್ನು ಗಂಡಸರ ಶ್ರುತಿಯಲ್ಲೇ ಎತ್ತಿಕೊಂಡರು. ಆ ಹಾಡನ್ನು ಕಾನೂನಿನಂತೆ ಮುಗಿಸಿದರು. ಮುಗಿದ ಉಸಿರಿಗೆ ಹರಿಣಾಕ್ಷಿ ಬುಡ ಬದಲಿಸಿ ಹೊಸ ಹಾಡು ಹಿಡಿದಳು. ಹಿಂದಿನಿಂದ ಇಪ್ಪತ್ತು ಗಂಟಲುಗಳು ಒಟ್ಟಿಗೆ ತೆರೆದವು.

ಜಗಲಿಯಲ್ಲಿ ಮಲಗಿದ್ದ ಪ್ರೇಮಾನಂದ ಮಾಸ್ಟರು ಎದ್ದು ಕೂತರು. ಮೊದಲು ಪೆಟ್ಟಿಗೆಯನ್ನು ನೋಡಿದರು. ಅದು ಇಟ್ಟಲ್ಲೇ ಇತ್ತು. ಆಮೇಲೆ ಹೆಂಗಸರನ್ನು ನೋಡಿದರು. ಈ ಸ್ವರವನ್ನು ಅವರು ಮಾರ್ಕೆಟ್ಟಿನಲ್ಲಿ, ಬಾವಿಕಟ್ಟೆಯಲ್ಲಿ, ಹೆಣದ ಮುಂದೆ ಕೇಳಿದ್ದರು, ಮಂದಿರದೊಳಗೆ ಕೇಳಿರಲಿಲ್ಲ.

ಮೀನ ನಾತದ ಸಾಲು ಮೈಕಿನಲ್ಲಿ ಹೆದ್ದಾರಿಯವರೆಗೆ ಹೋದಾಗ ಜಿತೇಂದ್ರ ಲುಂಗಿ ಎತ್ತಿ ಕಟ್ಟಿಕೊಂಡು ಓಡಿ ಬಂದ. "ಏ ಚಂದ್ರ, ಮೈಕ್ ತೆಗಿ!" ಮೈಕಿನ ಚಂದ್ರ ತೆಗೆದ. ಸ್ವರ ಸ್ವಲ್ಪ ಹತ್ತಿರ ಬಂತು, ಅಷ್ಟೆ, ನಿಲ್ಲಲಿಲ್ಲ. ಸಂತೆಯ ಗದ್ದಲದ ಮೇಲೆ ದರ ಕೂಗುವವರಿಗೆ ಮೈಕು ಯಾವ ಲೆಕ್ಕ!

ಹೆಂಗಸರ ಹೊತ್ತು ಮುಗಿಯಿತು. ಮುಂದಿನ ತಂಡದ ಗಂಡಸರು ಶಲ್ಯ ಹೊದ್ದು ದೀಪದ ಬಳಿ ಬಂದರು. ಜಿತೇಂದ್ರ ಅಡ್ಡ ನಿಂತ.

"ಎತ್ಕಂಬುಕಾಗ. ಕಪ್ಪು ಒಂದಕ್ಕೆ ಬಂದ್ರೆ ಎತ್ಕಣಿ, ಬರ್ದಿರೆ ಹಾಡ್ತಾ ಇರ್ಲಿ. ದಮ್ ಹೋರೆ ತನ್ನಿಂತಾನೇ ನಿಲ್ಲತ್ತ್. ಕೆಟ್ರೆ ಅವ್ರ್ ತಲಿ ಮೇಲೆ."

ಗಂಡಸರು ಕೈಕಟ್ಟಿ ಸಾಲಾಗಿ ಕೂತರು. ಅವರಲ್ಲಿ ಹಾಡುವವರ ಗಂಡಂದಿರಿದ್ದರು, ಅಣ್ಣಂದಿರಿದ್ದರು, ಹೆತ್ತ ಮಕ್ಕಳಿದ್ದರು. ತಮ್ಮ ಮನೆಯ ಹೆಂಗಸು ಯಾವಾಗ ಕುಸಿಯುತ್ತಾಳೆಂದು ಕಾಯುತ್ತ ಕೂರುವುದಕ್ಕೆ ಒಬ್ಬನಿಗೂ ನಾಚಿಕೆಯಾಗಲಿಲ್ಲ.

ಸುತ್ತು ಬರುತ್ತಲೇ ವನಜ ಹತ್ತಿರ ಬಂದಳು. ತನ್ನ ಪಾಲು ಸುಮ್ಮನಿದ್ದ ಎಡೆಯಲ್ಲಿ ಪಿಸುಗುಟ್ಟಿದಳು, "ಇಳ್ಸ್ ಹೆಣೆ, ಕಪ್ಪು ಒಂದಕ್ಕೆ ಹೋಪ. ನನ್ ಮಗ ನಾಳೆ ಬೋಟಿಗ್ ಹೋಪುದ್. ಇದ್ ಕೆಟ್ಟ್ ಅವ್ನಿಗೆ ಎಂತಾರೂ ಆರೆ?"

ಹರಿಣಾಕ್ಷಿಯೂ ಕಡಲ ಕೇರಿಯಲ್ಲಿ ಹುಟ್ಟಿದವಳು, ಈ ಭಯವನ್ನು ಹಾಲಿನ ಜೊತೆ ಕುಡಿದವಳು. ನಾಳೆ ಒಂದು ದೋಣಿ ಮಗುಚಿದರೆ ಈ ಕೇರಿ ತನ್ನನ್ನು ಬದುಕಲು ಬಿಡುವುದಿಲ್ಲ. ಬುಡ ಬದಲಿಸುವುದು ಒಂದು ಉಸಿರಿನ ಕೆಲಸ. ಬದಲಿಸಿದರೆ ಗಂಡಸರು ಎತ್ತಿಕೊಳ್ಳುತ್ತಾರೆ, ಹೊರಗೆ ಚಹಾ ಕಾದಿದೆ, ಬರುವ ವರ್ಷ ಮತ್ತೆ ಚೀರಾಟ. ಹೆದರಿಸಿಯೇ ತಮ್ಮನ್ನು ಇಷ್ಟು ವರ್ಷ ಚೀರಿಸಿದ್ದಾರೆ ಎಂದು ಹೊಳೆದಾಗ ಆ ಭಯವೇ ಸಿಟ್ಟಾಗಿ ತಿರುಗಿತು.

"ಗಂಟ್ಲ್ ನೋತಿತ್ತಾ ನಿಂಗೆ?"

ವನಜ ಯೋಚಿಸಿದಳು. "ಇಲ್ಲೆ."

"ಮತ್ತೆಂತಕ್ಕೆ ಕೆಡತ್ತ್? ಹಾಡ್."

ಜಿತೇಂದ್ರನ ಲೆಕ್ಕ ತಪ್ಪಿದ್ದು ಅಲ್ಲೇ. ಹೆಂಗಸರು ದಣಿಯುವುದನ್ನು ಅವನು ಕಂಡಿದ್ದು ಗಂಡಸರ ಶ್ರುತಿಯಲ್ಲಿ. ಅವರ ದಮ್ಮೇ ಅಷ್ಟು ಎಂದುಕೊಂಡಿದ್ದ. ಮತ್ತೂ ಅರ್ಧ ತಾಸು ದಾಟಿತು, ಹೆಂಗಸರು ಒಂದು ಪದ ಮುಗಿಸಿ ಅದೇ ಬುಡದಲ್ಲಿ ಇನ್ನೊಂದು ಹಿಡಿದರು. ಬಿಸಿಲು ಮಂದಿರದ ಮೆಟ್ಟಿಲಿಳಿದು ಅಂಗಳಕ್ಕೆ ಹೋಯಿತು. ಮಾರ್ಕೆಟ್ಟಿನಿಂದ ತಿರುಗಿ ಬಂದ ಹೆಂಗಸರು ಸ್ವರ ಕೇಳಿ ಗೇಟಿನ ಹತ್ತಿರ ನಿಂತರು, ಬುಟ್ಟಿಗಳನ್ನು ಇಳಿಸಿದರು, ಕಾಲು ತೊಳೆದು ಒಳಗೆ ಬಂದು ಕೆಳಗಿನ ಸಾಲಿಗೆ ಸೇರಿಕೊಂಡರು. ಗಂಡಸರಲ್ಲಿ ಒಬ್ಬ ಮೂಗಿಗೆ ಶಲ್ಯ ಹಿಡಿದ. ಅವನ ಹೆಂಡತಿ ಎದುರಿನಿಂದಲೇ ದುರುಗುಟ್ಟಿದಳು, ಶಲ್ಯ ಇಳಿಯಿತು.

ದೀಪಾರಾಧನೆಯ ಹೊತ್ತು ಹತ್ತಿರವಾದಂತೆ ಜಿತೇಂದ್ರನ ಹಣೆಯಲ್ಲಿ ಬೆವರು ಮೂಡಿತು. ಅವನ ಬೋಟುಗಳೂ ಬೆಳಿಗ್ಗೆ ಕಡಲಿಗೆ ಇಳಿಯುವವೇ. ಬೇರೇನೂ ತೋಚದೆ ಅವನು ಸರಸರ ನಡೆದು, ಹೆಂಗಸರ ಬುಡ ತಪ್ಪಿಸಲು ಶ್ರುತಿ ಪೆಟ್ಟಿಗೆಗೇ ಕೈಹಾಕಿದ. ಪ್ರೇಮಾನಂದ ಮಾಸ್ಟರು ಆ ಕೈ ಹಿಡಿದರು.

"ಮುಟ್ಬೇಡ."

"ಮಾಸ್ಟ್ರೆ, ನೀವೂ ಅವ್ರ್ ಬದಿಯಾ?"

"ಯಾರ್ ಬದಿಯೂ ಅಲ್ಲ. ಏಕಾಹ ನಿಲ್ಲುಕಾಗ." ಹರಿಣಾಕ್ಷಿಯ ಕಡೆ ಅವರು ನೋಡಿದ ನೋಟದಲ್ಲಿ ಎಳ್ಳಷ್ಟೂ ಪ್ರೀತಿ ಇರಲಿಲ್ಲ. ಶಲ್ಯ ಬಿಗಿದು ದೀಪದ ಹತ್ತಿರ ಬಂದು, ಸಾಲು ಬರುವವರೆಗೆ ಕಾದು, ಬಾಯಿ ತೆರೆದರು. ಆ ಎತ್ತರದಲ್ಲಿ ಅವರ ಸ್ವರ ಒಣ ಹಲಗೆಯಂತೆ ಸೀಳಿತು. ಎರಡನೆಯ ಸಾಲಿಗೆ ಒಂದು ಸ್ಥಾಯಿ ಕೆಳಗಿಳಿದರು. ಹೊಟ್ಟೆಯೊಳಗೆ ಕಲ್ಲು ಉರುಳಿದಂಥ ಸದ್ದು ಹೊರಟಿತು. ಹಿಂದಿನ ಗಂಡಸರೂ ಎದ್ದು ಬಂದು ಅದೇ ಸದ್ದಿಗೆ ಸೇರಿದರು. ಕೆಲವರು ಮೇಲಕ್ಕೆ ಕೀರಲು, ಕೆಲವರು ಕೆಳಕ್ಕೆ ಗೊರಗೊರ.

"ಒಂಚೂರ್ ಇಳ್ಸಿ ಕೊಡ್ ಹರಿಣಾಕ್ಷಿ," ಎಂದರು ಮಾಸ್ಟರು ಉಸಿರು ಸಿಕ್ಕ ಎಡೆಯಲ್ಲಿ.

"ಇಳ್ಸುಕಾಗ ಮಾಸ್ಟ್ರೆ, ಪದ್ಯ ಮುಗಿಲಿ. ಮುಗ್ದ್ ಮೇಲೆ ನಿಮ್ಗೆ ಬೇಕಾದ್ದ್ ಹಿಡ್ಕಣಿ."

ಆದರೆ ಮುಗಿಸಬೇಕಾದರೆ ನುಡಿಗಳು ಗೊತ್ತಿರಬೇಕಲ್ಲ? ಹೆಂಗಸರ ಪದವನ್ನು ಕಲಿಯುವ ಗೋಜಿಗೆ ಅವರಲ್ಲಿ ಯಾರೂ ಹೋಗಿರಲಿಲ್ಲ. ಹೊರಗೆ ಚಹಾ ಆರುತ್ತಿತ್ತು. ಹೆಂಗಸರು ಒಬ್ಬರೂ ಹೊರಗೆ ಹೋಗಲಿಲ್ಲ. ಗಂಡಸರು ಬಿಟ್ಟೆದ್ದ ಚಾಪೆಯ ಮೇಲೆ ಕಾಲು ಮಡಚಿ ಕೂತು, ಅವರ ಬಾಯಿಯನ್ನೇ ನೋಡಿದರು. ಹರಿಣಾಕ್ಷಿ ಕುಳಿತಲ್ಲಿಂದ ಒಂದೊಂದೇ ಸಾಲು ಹೇಳಿಕೊಟ್ಟಳು, ತನ್ನ ಶ್ರುತಿಯಲ್ಲೇ. ಗಂಡಸರು ಸಿಕ್ಕಿದಲ್ಲಿ ಹಿಡಿದು ತಿರುಗಿ ಹೇಳಿದರು.

"ಹ್ವಾಯ್, ಕೇಂತಿಲ್ಲೆ," ಎಂದಳು ವನಜ ಕಿವಿಗೆ ಕೈಯೊಡ್ಡಿ.

ಕಟ್ಟಿದ್ದ ನುಡಿಗಳು ಮುಗಿದವು. ಮುಗಿದದ್ದು ಹರಿಣಾಕ್ಷಿಗೆ ಗೊತ್ತು, ಹೆಂಗಸರಿಗೆ ಗೊತ್ತು. ಗಂಡಸರಿಗೆ ಗೊತ್ತಿಲ್ಲ. ಮಾಸ್ಟರು ಬೆವರು ಒರೆಸಿಕೊಳ್ಳುತ್ತ ಮುಂದಿನ ಸಾಲಿಗಾಗಿ ಅವಳ ಮುಖ ನೋಡಿದರು. ಅವಳು ಕಣ್ಣನ್ನು ನೇರವಾಗಿ ಜಿತೇಂದ್ರನ ಮೇಲಿಟ್ಟು, ಅಲ್ಲೇ ಕಟ್ಟಿ ಹೇಳಿಕೊಟ್ಟಳು:

ಬಲೆಯ ಒಡೆಯನು ಬಾಗಿಲ ಕಾವನು, ಬೆವರಿಗೆ ಹೊಸ್ತಿಲು ಏಕೆ
ನಿನ್ನ ಮನೆಯಲಿ ನಮ್ಮ ಸ್ವರಕೆ ಇನ್ನೊಬ್ಬರಪ್ಪಣೆ ಬೇಕೆ

ಅರ್ಥ ಎಲ್ಲರಿಗೂ ಆಯಿತು. ಏಕಾಹ ನಿಲ್ಲುವಂತಿರಲಿಲ್ಲ. ಮಾಸ್ಟರು ಆ ಸಾಲನ್ನು ತಿರುಗಿ ಹಾಡಿದರು, ಹಿಂದಿನವರೂ ಹಾಡಿದರು. ಜಿತೇಂದ್ರ ಮಾತ್ರ ತುಟಿ ಕಚ್ಚಿ ನಿಂತಿದ್ದ.

ಹರಿಣಾಕ್ಷಿ ತಾಳ ತಪ್ಪಿಸದೆ ಅವನಿಗಾಗಿ ಇನ್ನೊಂದು ನುಡಿ ಕಟ್ಟಿದಳು.