ಅರ್ಧ ಸುತ್ತು ಸಡಿಲ

ಸುಪ್ರಜಾ ಇನ್ನೊಮ್ಮೆ ಕೀಲಿ ತಿರುಗಿಸಿದಳು. ಹಳೇ ಫಿಯಟ್ ಗರಗರ ಎಂದಿತೇ ಹೊರತು ಚಾಲೂ ಆಗಲಿಲ್ಲ. ಅಪ್ಪನನ್ನು ಹೊತ್ತ ವ್ಯಾನು ಅವಳ ಕಣ್ಣೆದುರೇ ರಾಮಕೃಷ್ಣ ಆಶ್ರಮದ ವೃತ್ತ ದಾಟಿ, ಚಾಮರಾಜಪೇಟೆಯ ಕಡೆ ಹೊರಳಿ, ಬಸ್ಸುಗಳ ಹಿಂದೆ ಮರೆಯಾಯಿತು.

"ಅದೇ ಕಾರು," ಎಂದರು ಹಿಂದಿನ ಸೀಟಿನಲ್ಲಿದ್ದ ಚಿಕ್ಕಪ್ಪ ಮಧುಸೂದನ್. "ಅವತ್ತೂ ಹೀಗೇ ನಿಂತಿದ್ದು."

ಸುಪ್ರಜಾಳ ಪಕ್ಕ ಕೂತಿದ್ದ ಅಮ್ಮ ಅಲಮೇಲು ವ್ಯಾನು ಹೋದ ದಾರಿಯನ್ನೇ ನೋಡುತ್ತಿದ್ದಳು.

ಅಪ್ಪ ವೆಂಕಟಾಚಲ ಹಿಂದಿನ ಸಂಜೆ ತ್ಯಾಗರಾಜನಗರದ ಮನೆಯಲ್ಲಿ, ಕಾಫಿ ಕುಡಿದ ಲೋಟ ಕೆಳಗಿಟ್ಟು, ಗೋಡೆಗೆ ಒರಗಿದವರು ಹಾಗೇ ಹೋಗಿಬಿಟ್ಟಿದ್ದರು. ಅಂಚೆ ಇಲಾಖೆಯ ಲೆಕ್ಕಪತ್ರ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಆದರೆ ಬೀದಿಯವರಿಗೆ ಅವರು ನೆನಪಾಗುತ್ತಿದ್ದುದು ಆ ಕೆಲಸದಿಂದಲ್ಲ, ಈ ಕಾರಿನಿಂದ. ಬೆಳಿಗ್ಗೆ ಗೇಟಿನ ಬಳಿ ಸೇರಿದ್ದವರ ಬಾಯಲ್ಲೂ ಅದೇ ಮಾತು.

"ಭಾನುವಾರ ಬಂದ್ರೆ ಬಾನೆಟ್ ಒಳಗೇ ತಲೆ," ಎಂದಿದ್ದರು ಎದುರುಮನೆಯ ಲಕ್ಷ್ಮೀದೇವಮ್ಮ. "ನಾನೇನಾದ್ರೂ ತಿಂಡಿ ತಂದ್ಕೊಟ್ರೆ ಕೈ ಮಸಿ ಅಂತ ಹಿಂದಕ್ಕೆ ಕಟ್ಕೊಂಡ್ ನಿಂತ್ಕೊಳ್ಳೋರು, ಮಕ್ಳ ಥರ."

"ನನ್ ಮಗಳ ಮದ್ವೇಲಿ ಹೆಣ್ಣು ಕೂತಿದ್ದು ಇದೇ ಕಾರಲ್ಲಿ," ಎಂದಿದ್ದರು ಅವರ ಗಂಡ ನಾರಾಯಣಪ್ಪ. "ದಾರೀಲಿ ಎಲ್ಲಿ ಕೈ ಕೊಡುತ್ತೋ ಅಂತ ನಾನು ಸ್ಕೂಟರ್‌ನಲ್ಲಿ ಹಿಂದೇನೇ ಬಂದೆ. ಒಂದ್ ಕಡೇನೂ ನಿಲ್ಲಲಿಲ್ಲ."

ಹೆಂಗಸರು ಸ್ಮಶಾನಕ್ಕೆ ಬರುವ ಪದ್ಧತಿ ಇಲ್ಲವಲ್ಲ ಎಂದು ಪುರೋಹಿತರು ರಾಗ ಎಳೆದಾಗ ಅಮ್ಮ, "ಮಗಳೇ ಅಲ್ವಾ ಕೊಳ್ಳಿ ಇಡೋದು? ನಾನೂ ಹೋಗ್ತೀನಿ. ಅವರ ಕಾರಲ್ಲೇ ಹೋಗ್ತೀನಿ" ಎಂದಿದ್ದಳು. ಆಮೇಲೆ ಮೈದುನನ ಕಡೆ ತಿರುಗಿ, "ಮಧು, ನೀನು ನಮ್ಮ ಜೊತೆ ಬಾ" ಎಂದು ಕರೆದಿದ್ದಳು. ಅಜ್ಜ ತೀರಿಕೊಂಡ ವರ್ಷದಿಂದ ಚಿಕ್ಕಪ್ಪ ಆ ಕಾರಿನ ಬಾಗಿಲು ಮುಟ್ಟಿದವರಲ್ಲ. ಅತ್ತಿಗೆಯ ಆ ಮುಖ ನೋಡಿ ಇಲ್ಲವೆನ್ನಲು ಅವರಿಗೆ ಬಾಯಿ ಬರಲಿಲ್ಲ.

ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದ ನಾರಾಯಣಪ್ಪ ಈಗ ಬಂದು ಕಿಟಕಿಯಲ್ಲಿ ಬಗ್ಗಿದರು. "ಏನಮ್ಮಾ, ತಟ್ಟಂತ ನಿಲ್ತಾ?"

"ಇಲ್ಲ, ಎಳೆದೂ ಎಳೆದೂ ನಿಲ್ತು." ಹೇಳುವಾಗಲೇ ಸುಪ್ರಜಾಗೆ ಅಪ್ಪನ ಮಾತು ನೆನಪಾಯಿತು. ಗಾಡಿ ತಟ್ಟನೆ ಸತ್ತರೆ ಕರೆಂಟ್ ನೋಡು, ಬಿಕ್ಕಳಿಸಿ ಬಿಕ್ಕಳಿಸಿ ಸತ್ತರೆ ಪೆಟ್ರೋಲ್ ನೋಡು. ಇಳಿದು ಬಾನೆಟ್ ಎತ್ತಿದಳು. ಪೆಟ್ರೋಲ್ ಪೈಪಿನ ನಡುವೆ ಇರುವ ಪ್ಲಾಸ್ಟಿಕ್ ಫಿಲ್ಟರಿನ ತಳದಲ್ಲಿ ಒಂದು ಚಮಚೆಯಷ್ಟೂ ಇರಲಿಲ್ಲ.

"ಟ್ಯಾಂಕಲ್ಲಿ ಇದೆಯೋ ಇಲ್ವೋ?" ನಾರಾಯಣಪ್ಪ ಕೇಳಿದರು.

"ಬೆಳಿಗ್ಗೆ ತಾನೇ ನನ್ನ ಮಗ ಆಕರ್ಷ ಫುಲ್ ಮಾಡ್ಸಿ ತಂದಿದಾನೆ," ಎಂದರು ಚಿಕ್ಕಪ್ಪ, ಒಳಗಿನಿಂದಲೇ.

"ಹಂಗಾದ್ರೆ ಪಂಪ್ ಹೋಗಿರ್ಬೇಕು. ಇಲ್ಲಾಂದ್ರೆ ಪೈಪಲ್ಲಿ ಕಸ."

ಫೋನ್ ಬಂತು. ವ್ಯಾನಿನಲ್ಲಿ ಹೋಗಿದ್ದ ಆಕರ್ಷ. "ಅಕ್ಕಾ, ಎಲ್ಲಿದೀರಾ? ಈಗ ನಮ್ಮದೇ ಸರದಿ. ತಡ ಆದ್ರೆ ಹಿಂದಿನವರನ್ನ ಒಳಗೆ ಕಳಿಸ್ತಾರಂತೆ."

ಅದು ಕೇಳಿದ್ದೇ ಚಿಕ್ಕಪ್ಪ ಕಾರಿನಿಂದ ಇಳಿದರು. "ಅಪ್ಪನ ಮುಖ ನೋಡೋಕೆ ಬಿಡ್ಲಿಲ್ಲ ಈ ಕಾರು. ಇವತ್ತು ಅಣ್ಣನ ಹತ್ರಾನೂ ಹೋಗೋಕೆ ಬಿಡ್ತಿಲ್ಲ. ಗುಜರಿಗೆ ಹಾಕು, ಗುಜರಿಗೆ ಹಾಕು ಅಂತ ಬಡ್ಕೊಂಡೆ. ಕೇಳಿದ್ನಾ?"

*

ಆಗ ಸುಪ್ರಜಾ ಹೈಸ್ಕೂಲಿನಲ್ಲಿದ್ದಳು. ಮೈಸೂರಿನ ನರ್ಸಿಂಗ್ ಹೋಮಿನಿಂದ ಅಜ್ಜನಿಗೆ ಜಾಸ್ತಿಯಾಗಿದೆ, ಮಕ್ಕಳನ್ನು ಕೇಳುತ್ತಿದ್ದಾರೆ ಎಂದು ಫೋನ್ ಬಂದಿತ್ತು. ರೈಲಿಗೆ ಹೋಗೋಣ ಎಂದರು ಚಿಕ್ಕಪ್ಪ. ಅಪ್ಪ, "ರೈಲಿಗೆ ಕಾಯೋದ್ಯಾಕೆ, ಕಾರಿದೆಯಲ್ಲ" ಎಂದು ಟ್ಯಾಂಕ್ ತುಂಬಿಸಿಕೊಂಡು ಹೊರಡಿಸಿದರು. ಕೆಂಗೇರಿ ದಾಟುವುದರೊಳಗೆ ಕಾರು ನಿಂತಿತು. ಅಪ್ಪ ಬಾನೆಟ್ ಎತ್ತಿ ಏನೇನೋ ಬಿಚ್ಚಿ ಊದಿ ಮತ್ತೆ ಜೋಡಿಸಿದರು. ಹೊರಟಿತು. ರಾಮನಗರದಲ್ಲಿ ಮತ್ತೆ ನಿಂತಿತು, ಚನ್ನಪಟ್ಟಣದ ಬಳಿ ಇನ್ನೊಮ್ಮೆ. ಸ್ವಲ್ಪ ಹೊತ್ತು ಬಿಟ್ಟರೆ ತಾನಾಗಿಯೇ ಹೊರಡುವುದು, ಇನ್ನೇನು ಸರಿಹೋಯಿತು ಅನ್ನುವಾಗ ನಿಲ್ಲುವುದು. ಮದ್ದೂರಿನಲ್ಲಿ ಚಿಕ್ಕಪ್ಪ ಇಳಿದು ಬಸ್ಸು ಹತ್ತಿದರು. ಅವರು ತಲುಪಿದಾಗ ಅಜ್ಜನ ಮುಖಕ್ಕೆ ಬಿಳೀ ಬಟ್ಟೆ ಹೊದಿಸಿಯಾಗಿತ್ತು.

ಆಮೇಲೆ ಅಣ್ಣತಮ್ಮಂದಿರ ಮಾತು ಮದುವೆ ಮುಂಜಿಗಳಿಗೆ ಮಾತ್ರ ಉಳಿಯಿತು. ಆ ವರ್ಷವೆಲ್ಲ ಅಪ್ಪ ಭಾನುವಾರಗಳನ್ನು ಕಾರಿಗೆ ಕೊಟ್ಟರು. ಕಾರ್ಬೊರೇಟರ್ ತೊಳೆದರು, ಪಂಪಿನ ರಬ್ಬರು ಬದಲಿಸಿದರು, ಟ್ಯಾಂಕನ್ನೇ ಇಳಿಸಿ ತುಕ್ಕು ತೆಗೆಸಿದರು. ಒಂದೊಂದೇ ಮಾಡಿ, ಒಂದು ಸುತ್ತು ಹೋಗಿ ಬಂದು, ಅದಲ್ಲ ಎಂದು ತಿಳಿದ ಮೇಲೆ ಮುಂದಿನದಕ್ಕೆ ಕೈಹಾಕುವರು. ಯಾವಾಗ ಸರಿಹೋಯಿತೋ ಸುಪ್ರಜಾಗೆ ತಿಳಿಯದು. ಕೇಳಿದರೆ ಅಪ್ಪ, "ಏನೋ ಸಣ್ಣದು" ಎನ್ನುತ್ತಿದ್ದರು.

*

"ಮಧು, ಒಂದು ಆಟೋ ನೋಡು," ಎಂದಳು ಅಮ್ಮ. "ನಾರಾಯಣಪ್ಪನೋರೆ, ನೀವೂ ಆ ಕಡೆ ಸ್ವಲ್ಪ ನೋಡ್ತೀರಾ?"

ಇಬ್ಬರೂ ವೃತ್ತದ ಕಡೆ ನಡೆದರು. ಅವರು ಅಷ್ಟು ದೂರ ಹೋಗುವವರೆಗೆ ಕಾದು ಅಮ್ಮ ಮೆಲ್ಲಗೆ ಹೇಳಿದಳು: "ಹಿಂದೆ ಹೋಗಿ ಪೆಟ್ರೋಲ್ ಮುಚ್ಚಳ ತೆಗಿ. ಆಕರ್ಷ ಬೀಗ ಹಾಕಿ ಬಿಗಿ ಮಾಡಿರ್ತಾನೆ."

ಸುಪ್ರಜಾಗೆ ಅರ್ಥವಾಗಲಿಲ್ಲ. ಆದರೂ ಹೋಗಿ ಬೀಗ ತೆಗೆದು ಮುಚ್ಚಳ ತಿರುಗಿಸಿದಳು. ಟ್ಯಾಂಕು ಉಸ್ಸೆಂದು ಗಾಳಿ ಒಳಗೆಳೆದುಕೊಂಡಿತು, ನೀರಿನಲ್ಲಿ ಮುಳುಗಿದವರು ಮೇಲೆ ಬಂದು ಉಸಿರೆಳೆದ ಹಾಗೆ.

"ಮುಚ್ಚು. ಆದ್ರೆ ಅರ್ಧ ಸುತ್ತು ಸಡಿಲ ಇರ್ಲಿ."

ಬಾನೆಟ್ ಇಳಿಸಿ ಬಂದು ಕೀಲಿ ತಿರುಗಿಸಿದಳು. ಕೊಂಚ ಗರಗರಿಸಿ ಕಾರು ಚಾಲೂ ಆಯಿತು. ಸುಪ್ರಜಾ ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡು ಅಮ್ಮನನ್ನೇ ನೋಡಿದಳು.

"ಒಳಗಿಂದ ಪೆಟ್ರೋಲ್ ಹೊರಗೆ ಹೋದ ಹಾಗೆ ಅದರ ಜಾಗಕ್ಕೆ ಗಾಳಿ ಹೋಗ್ಬೇಕಂತೆ," ಎಂದಳು ಅಮ್ಮ. "ಮೊದಲಿದ್ದ ಮುಚ್ಚಳದಲ್ಲಿ ಅದಕ್ಕೆ ಸಣ್ಣ ತೂತಿತ್ತು. ಇದರಲ್ಲಿಲ್ಲ. ಟ್ಯಾಂಕ್ ತುಂಬಿದ್ರೆ ಇನ್ನೂ ಬೇಗ ಉಸಿರುಕಟ್ಟುತ್ತೆ ಅಂತಿದ್ರು."

"ಅಪ್ಪಂಗೆ ಗೊತ್ತಿತ್ತಾ?"

"ಅಜ್ಜ ಹೋಗಿ ವರ್ಷ ಆದ್ಮೇಲೆ ಗೊತ್ತಾಯ್ತು. ಲಾಲ್‌ಬಾಗ್ ಗೇಟ್ ಹತ್ರ ನಿಂತ್ಹೋಯ್ತು, ನಾವಿಬ್ರೇ ಇದ್ವಿ. ಪೆಟ್ರೋಲ್ ಎಷ್ಟಿದೆ ಅಂತ ಕಡ್ಡಿ ಹಾಕಿ ನೋಡೋಕೆ ಮುಚ್ಚಳ ತೆಗೆದ್ರು. ಈಗ ನಿನಗೆ ಕೇಳಿಸ್ತಲ್ಲ, ಅದೇ ಸದ್ದು. ಅಲ್ಲೇ ಫುಟ್‌ಪಾತ್ ಮೇಲೆ ಕೂತ್ಬಿಟ್ರು."

"ಹಾಗಾದ್ರೆ ಮುಚ್ಚಳ ಬದಲಾಯಿಸ್ಬಹುದಿತ್ತಲ್ಲಮ್ಮಾ?"

ಅಮ್ಮ ವೃತ್ತದ ಕಡೆ ನೋಡಿದಳು. ಚಿಕ್ಕಪ್ಪ ಪಂಚೆಯ ಚುಂಗು ಹಿಡಿದುಕೊಂಡು ಆಟೋದವನೊಬ್ಬನ ಜೊತೆ ಮಾತಾಡುತ್ತಿದ್ದರು.

"ಅದು ಮಧು ಕೊಟ್ಟಿದ್ದು. ಬೀದೀಲಿ ಪೆಟ್ರೋಲ್ ಕದೀತಾರೆ ಅಂತ, ಅಜ್ಜ ಹೋಗೋಕೆ ಸ್ವಲ್ಪ ಮುಂಚೆ ದೀಪಾವಳಿಗೆ, ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯೆಲ್ಲ ಅಲೆದು ಈ ಬೀಗದ ಮುಚ್ಚಳ ಹುಡುಕಿ ತಂದಿದ್ದ, ಅಣ್ಣಂಗೆ ಅಂತ." ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮಧುಗೆ ಹೇಳಲ್ವಾ ಅಂದೆ. ಏನಂತ ಹೇಳ್ಲಿ ಅಲಮೇಲು ಅಂದ್ರು. ನೀನು ಪ್ರೀತಿಯಿಂದ ತಂದ್ಕೊಟ್ಟಿದ್ದೇ ಅಪ್ಪನ್ನ ನೋಡೋಕೆ ಬಿಡ್ಲಿಲ್ಲ ಅಂತಾನಾ? ನನ್ ಮೇಲೆ ಕೋಪ ಇಟ್ಕೊಂಡು ಅವನು ಬದುಕಬಲ್ಲ. ಇದನ್ನ ಇಟ್ಕೊಂಡು ಬದುಕಲಾರ. ಹಾಗಂದ್ರು. ಅದಕ್ಕೆ ತೂತು ಹೊಡೆಸೋಕೂ ಮನಸ್ಸು ಬರ್ಲಿಲ್ಲ ಅವರಿಗೆ."

ಚಿಕ್ಕಪ್ಪ ಆಟೋ ಕರೆದುಕೊಂಡು ಬಂದವರು ಎಂಜಿನ್ ಸದ್ದು ಕೇಳಿ ನಿಂತರು. "ಏನಾಗಿತ್ತು?"

ಸುಪ್ರಜಾಳ ಗಂಟಲಿನವರೆಗೂ ಮಾತು ಬಂದಿತ್ತು. ಅಪ್ಪನನ್ನು ಅಷ್ಟು ವರ್ಷ ದೂರವಿಟ್ಟ ಮನುಷ್ಯ ಎದುರಿಗೇ ನಿಂತಿದ್ದರು. ಮುಖವೆಲ್ಲ ಬೆವತು, ಕಣ್ಣು ಕೆಂಪಗಾಗಿ, ಒಂದೇ ದಿನದಲ್ಲಿ ಮುದುಕರಾದಂತೆ.

"ಏನೋ ಸಣ್ಣದು, ಚಿಕ್ಕಪ್ಪ," ಎಂದಳು. "ಹತ್ತಿ, ತಡ ಆಗುತ್ತೆ."

*

ವಿದ್ಯುತ್ ಚಿತಾಗಾರದಲ್ಲಿ ಸರದಿ ತಪ್ಪಲಿಲ್ಲ. ಪುರೋಹಿತರು ಹೇಳಿದಂತೆ ಸುಪ್ರಜಾ ಎಲ್ಲ ಮಾಡಿದಳು. ತಟ್ಟೆ ಒಳಗೆ ಸರಿದು ಕಬ್ಬಿಣದ ಬಾಗಿಲು ಇಳಿಯುವಾಗ ಚಿಕ್ಕಪ್ಪ, "ಅಣ್ಣಾ" ಎಂದು ಒಮ್ಮೆ ಕರೆದರು. ಯಾರೋ ಅವರ ತೋಳು ಹಿಡಿದುಕೊಂಡರು. ಅಮ್ಮ ಅಳಲಿಲ್ಲ. ಬಾಗಿಲು ಪೂರ್ತಿ ಇಳಿದ ಮೇಲೂ ಅದನ್ನೇ ನೋಡುತ್ತ ನಿಂತಿದ್ದಳು.

ಹೊರಡುವಾಗ ಆಕರ್ಷ ತನ್ನ ಗೆಳೆಯನ ಕಾರಿನ ಬಾಗಿಲು ತೆರೆದು, "ಅಪ್ಪಾ, ಇದರಲ್ಲಿ ಬನ್ನಿ, ಎ.ಸಿ. ಇದೆ" ಎಂದ. ಚಿಕ್ಕಪ್ಪ ಕೇಳಿಸದವರಂತೆ ಫಿಯಟ್‌ನ ಕಡೆ ಬಂದರು. ಅಮ್ಮ ಆಗಲೇ ಹಿಂದೆ ಹೋಗಿ ಕೂತು ಮುಂದಿನ ಸೀಟು ಬಿಟ್ಟಿದ್ದಳು.

ಕಾರಿನ ಹಿಂಬದಿಯಲ್ಲಿ ಅವರು ನಿಂತರು. ಮುಚ್ಚಳದ ಮೇಲೆ ಕೈಯಾಡಿಸಿ ನಿಧಾನವಾಗಿ ಬಿಗಿಯಾಗಿ ತಿರುಗಿಸಿದರು. ಸುಪ್ರಜಾಳಿಂದ ಕೀಲಿಗೊಂಚಲು ಇಸಿದುಕೊಂಡು ಬೀಗ ಹಾಕಿ, ಎಳೆದೂ ನೋಡಿದರು.

"ಸಡಿಲ ಬಿಟ್ಟಿದೀಯಲ್ಲ," ಎಂದರು. "ಅವನೂ ಹೀಗೇ. ರಸ್ತೇಲಿ ಕಂಡಾಗೆಲ್ಲ ನೋಡ್ತಿದ್ದೆ, ಯಾವತ್ತೂ ನೆಟ್ಟಗೆ ಮುಚ್ಚಿರ್ತಿರ್ಲಿಲ್ಲ. ನಾನು ಕೊಟ್ಟಿದ್ದಕ್ಕೆ ಬೆಲೆ ಇಲ್ಲ ಅಂತ ಬೇಜಾರಾಗೋದು." ಗೊಂಚಲು ಅವಳ ಕೈಗೆ ಹಿಂದಕ್ಕೆ ಕೊಡುತ್ತ ಹೇಳಿದರು, "ಆದ್ರೂ ತೆಗೆದು ಬಿಸಾಕಿಲ್ಲ ನೋಡು. ಇಷ್ಟು ವರ್ಷ ಇಟ್ಕೊಂಡಿದಾನೆ."

"ಹೌದು ಚಿಕ್ಕಪ್ಪ. ನೀವು ಕೂತ್ಕೊಳಿ."

ಅವರು ಸುತ್ತಿ ಹೋಗಿ ಮುಂದಿನ ಬಾಗಿಲು ತೆಗೆದು ಒಳಗೆ ಕೂತರು. ಸುಪ್ರಜಾ ಅಲ್ಲೇ ನಿಂತು, ಸದ್ದಾಗದಂತೆ ಬೀಗ ತೆಗೆದು, ಮುಚ್ಚಳವನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿದಳು. ತಲೆಯೆತ್ತಿದಾಗ ಹಿಂದಿನ ಗಾಜಿನೊಳಗಿಂದ ಕಾಣಿಸಿತು: ಚಿಕ್ಕಪ್ಪ ಪಕ್ಕಕ್ಕೆ ಬಾಗಿ, ಹೆಗಲ ಮೇಲಿನ ಒದ್ದೆ ವಸ್ತ್ರದ ತುದಿಯಿಂದ, ಅಣ್ಣನ ಸ್ಟೀರಿಂಗನ್ನು ಮಗುವಿನ ಮುಖ ಒರೆಸುವ ಹಾಗೆ ಒರೆಸುತ್ತಿದ್ದರು.