ಸುಣ್ಣದ ಗುರುತು

ಚಂದವ್ವ ಅರ್ಧ ಉಂಗುರದಂಥ ಕಬ್ಬಿಣದ ತುಂಡಿಗೆ ಬೂದಿ ಹಚ್ಚಿ ತಿಕ್ಕಿ, ತೊಳೆದು, ಕೊಡಗಳ ಪಕ್ಕ ಬೋರಲು ಹಾಕಿದಳು. ಅದು ಆರನೆಯದು. ಇಂಜಿನ್ ರಿಪೇರಿ ಮಾಡುತ್ತಿದ್ದ ಅವಳ ತಮ್ಮ ಖಂಡೆಪ್ಪನನ್ನು ಹೊತ್ತು ಗಂಡಸರು ಮಣ್ಣಿಗೆ ಹೋಗಿದ್ದರು. ಅವರು ಮರಳಿ ಬಂದು, ಜೀವ ಹೋದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡುವಷ್ಟರಲ್ಲಿ ನೆಲ, ಪಾತ್ರೆ ಪಡಗ ಎಲ್ಲ ತೊಳೆದಿರಬೇಕು. ಖಂಡೆಪ್ಪನ ಜೀವ ಹೋದದ್ದು ಪಡಸಾಲೆಯಲ್ಲಿ, ಬಿಚ್ಚಿಟ್ಟ ಇಂಜಿನ್ನಿನ ಮಗ್ಗುಲಲ್ಲೇ. ಹಾಗಾಗಿ ಅಲ್ಲಿ ಹಲಗೆಯ ಮೇಲಿದ್ದ ಜಿಡ್ಡಿನ ಸಾಮಾನನ್ನೂ ಚಂದವ್ವ ಬಿಟ್ಟಿರಲಿಲ್ಲ.

ಇಂಜಿನ್ ರಹಿಮಾಬಿಯದು. ಗಂಡ ಸತ್ತ ಮೇಲೆ ಸಿಂದಗಿಯ ತನ್ನ ಹಿಟ್ಟಿನ ಗಿರಣಿಯಿಂದಲೇ ಮೂರು ಮಕ್ಕಳ ಹೊಟ್ಟೆ ಹೊರೆಯುತ್ತಿದ್ದವಳು. ಗಿರಣಿ ನಿಂತು ಎರಡು ತಿಂಗಳಾಗಿತ್ತು. ಬೆಳಗಿನಿಂದ ಕಂಬಕ್ಕೊರಗಿ ಕೂತಿದ್ದಳು. ಇಂಜಿನ್ನಿನ ಕಡೆ ತಪ್ಪಿಯೂ ನೋಡಿರಲಿಲ್ಲ. ಸಾವಿನ ಮನೆಯಲ್ಲಿ ಅದನ್ನು ಹೇಗೆ ಕೇಳುವುದು?

ಚಂದವ್ವನೇ ಮಾತು ಎತ್ತಿದಳು. "ಶುಕ್ರವಾರ ಚಾಲೂ ಮಾಡಿ ಕೊಡ್ತೇನಿ ಅಂದಿದ್ದ ನೋಡು ನಿನಗ. ಲೇತಿನ ಸೋಮನಿಂಗ ಅದಾನ, ಅಂವಾ ಕೂಡಸ್ತಾನ. ಚಿಂತಿ ಮಾಡಬ್ಯಾಡ."

"ಈಗ ಅದರ ಮಾತ್ಯಾಕ ಯಕ್ಕಾ," ಎಂದಳು ರಹಿಮಾಬಿ. ಆದರೂ ಅವಳ ಮುಖ ತುಸು ಗೆಲುವಾಯಿತು.

*

ಎರಡು ತಿಂಗಳ ಹಿಂದೆ, ಎಪ್ಪತ್ತಾರರ ಸುಗ್ಗಿಯಲ್ಲಿ, ಗಿರಣಿ ಇಂಜಿನ್ನಿನ ತಿರುಗುವ ದಂಡ, ಕ್ರ್ಯಾಂಕ್‌ಶಾಫ್ಟ್ ಮುರಿದಾಗ ಅಂಥದ್ದೇ ಇನ್ನೊಂದು ಎಲ್ಲೂ ಸಿಗಲಿಲ್ಲ. ಬಿಜಾಪುರದವರು ಇಂಜಿನ್ನನ್ನೇ ಗುಜರಿಗೆ ಹಾಕೆಂದರು. ಖಂಡೆಪ್ಪ ಹಟಕ್ಕೆ ಬಿದ್ದು ಇಂಡಿ ಊರಿನ ಗುಜರಿಯಿಂದ ಬೇರೆ ಇಂಜಿನ್ನಿನ ಶಾಫ್ಟೊಂದನ್ನು ಹೊತ್ತು ತಂದ.

"ಇದು ಸಣ್ಣ ಐತಿ, ಇಂಜಿನ್ನಿನಾಗ ಇದು ಕುಂಡ್ರೂ ಮನಿ ದೊಡ್ಡದೈತಿ," ಎಂದು ಅಕ್ಕನಿಗೆ ತೋರಿಸಿದ್ದ. "ನಡುವಿನ ಸಂದಿಗೆ ಈ ಸ್ಪೇಸರ್, ಮನಿಗೆ ಎರಡೆರಡು ಅರ್ಧ ಉಂಗುರ, ಹಾಕೂದು, ಅದರೊಳಗ ಬೇರಿಂಗ್."

"ಗಟ್ಟಿ ನಿಲ್ತೈತೇನೋ?"

"ನಿಲ್ಲೂಹಂಗ ಕಾನಸು ಹಿಡದು ಉಜ್ಜಾಕತ್ತೇನಲ್ಲ! ಮೂರೂ ಮನಿ ಒಂದೊಂದು ಥರಾ ಸವದಾವು. ಒಂದರದು ಇನ್ನೊಂದಕ್ಕ ಕುಂಡ್ರಂಗಿಲ್ಲ."

ಹದಿನೈದು ದಿನ ಅರದಿಂದ ಉಜ್ಜಿದ್ದ. ತೆಳು ತುಂಡು, ಉಳಿಯಿಂದ ಗುರುತು ಹೊಡೆದರೆ ಡೊಂಕಾದೀತೆಂದು ತಂಬಾಕಿನ ಡಬ್ಬಿಯ ಸುಣ್ಣದಲ್ಲೇ ಒಂದೊಂದಕ್ಕೂ ಚುಕ್ಕೆ, ಗೆರೆ ಎಳೆದಿದ್ದ. ಅಕ್ಷರ ಬಾರದವನ ಬರಹ ಅದು. ಚಂದವ್ವನ ಕಣ್ಣಿಗೆ ಮಾತ್ರ, ತಂಬಾಕು ತಿಕ್ಕಿದ ಕೈಯನ್ನು ಕಂಡಕಂಡಲ್ಲಿ ಒರೆಸುವ ತಮ್ಮನ ಹಳೆಯ ಚಾಳಿ.

*

ಗಂಡಸರು ಬಂದು ದೀಪ ನೋಡಿ, ಒಬ್ಬೊಬ್ಬರಾಗಿ ಹೊರಟರು. ಲೇತ್ ಮೆಶಿನ್ನಿನ ಸೋಮನಿಂಗ ಮಾತ್ರ ಕೊಡಗಳ ಹತ್ತಿರ ನಿಂತುಬಿಟ್ಟ.

"ಯಕ್ಕಾ, ಇವನ್ನ ಯಾರ ತೊಳದ್ರು?"

"ನಾನಪಾ. ಭಾಳ ಹೊಲಸಾಗಿದ್ವು."

ಅವನು ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಬೆಳಕಿಗೆ ತಿರುಗಿಸಿ ನೋಡಿದ. ಆರೂ ಲಕಲಕ ಹೊಳೆಯುತ್ತಿದ್ದವು.

"ಸುಣ್ಣದ ಗುರ್ತಿತ್ತು. ಯಾವದು ಎಲ್ಲಿ, ಯಾವ ಮಗ್ಗಲಾ ಮುಂದ, ಎಲ್ಲಾ ಅದರಾಗ ಇತ್ತು."

"ಅಳತಿ ಮಾಡಿ ನೋಡೋ. ನೀನ ಮಾಡಿಕೊಟ್ಟಿದ್ದಲ್ಲ!"

"ನಾ ದುಂಡಗ ಮಾಡಿಕೊಟ್ಟೇನಿ, ಅಷ್ಟ. ಉಜ್ಜಿ ಕುಂಡ್ರಿಸಿದಾಂವ ಅಂವಾ. ಅಂದಾಜಿಗೆ ಹಾಕಿದ್ರ ಈ ಶಾಫ್ಟೂ ಮುರೀತೈತಿ ಯಕ್ಕಾ. ಇರೂದ ಇದೊಂದು."

ಚಂದವ್ವ ಕೊಡಗಳ ಪಕ್ಕ ಕೂತಳು. ತಮ್ಮ ಬಿಟ್ಟುಹೋದ ಒಂದೇ ಒಂದು ಕೆಲಸವನ್ನು ತಾನೇ ಕೈಯಾರೆ ಬಚ್ಚಲಿಗೆ ಹರಿಸಿದ್ದಳು. ತಲೆಯೆತ್ತಿ ರಹಿಮಾಬಿಯ ಮುಖ ನೋಡುವ ಧೈರ್ಯವಾಗಲಿಲ್ಲ. ಬೈಗುಳ ಬೀಳಲೆಂದೇ ಕಾದಳು. ಬಿದ್ದಿದ್ದರೆ ಎದೆ ಹಗುರಾಗುತ್ತಿತ್ತು.

ರಹಿಮಾಬಿ ಮೆಲ್ಲನೆ ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಚಂದವ್ವನ ಮಗ್ಗುಲಲ್ಲಿ ಕೂತು, ತೊಳೆಯದೆ ಉಳಿದಿದ್ದ ರೊಟ್ಟಿಯ ಹಂಚನ್ನು ಎಳೆದುಕೊಂಡು, ಒಂದು ಹಿಡಿ ಬೂದಿ ಹಾಕಿ ತಿಕ್ಕತೊಡಗಿದಳು.